ಮೂರು ಬೂದುಹಸಿರು, ಒಂದು ಕೆಂಪು ನೆಲ

ಪ್ರಶ್ನೆ: ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಮ್ಮ ಮಾವನವರು ಕಟ್ಟಿಸಿದ ಹಳೆಯ ಮನೆಯಲ್ಲಿದ್ದೇವೆ. ದೀಪಾವಳಿಯೊಳಗೆ ಮಲಗುವ ಕೋಣೆಗೆ ಬಣ್ಣ ಹೊಡೆಸಬೇಕು. ಕೋಣೆ 12 ಅಡಿ ಉದ್ದ, 11 ಅಡಿ ಅಗಲ. ಕಿಟಕಿ ಒಂದೇ, ಪಶ್ಚಿಮಕ್ಕೆ. ನೆಲ ರೆಡ್ ಆಕ್ಸೈಡಿನದು, ಅದನ್ನು ಕೀಳಿಸುವ ಮನಸ್ಸಿಲ್ಲ. ತೇಗದ ಮಂಚ, ತೇಗದ ಬೀರು ಇವೆ. ರಾತ್ರಿ ಬಿಳಿ ಎಲ್‌ಇಡಿ ಟ್ಯೂಬ್‌ಲೈಟ್. ಶೇಡ್ ಕಾರ್ಡಿನಿಂದ ಮೂರು ಬೂದುಹಸಿರು ಬಣ್ಣಗಳನ್ನು ಆರಿಸಿ ತಂದಿದ್ದೇನೆ. ಮೊದಲನೆಯದು ಬೂದಿಗೆ ಒಂದಿಷ್ಟು ಹಸಿರು ಸೇರಿದಂತಿದೆ. ಎರಡನೆಯದು ಒಣಗಿದ ಎಲೆಯ ಹಸಿರು. ಮೂರನೆಯದು ಇವೆರಡರ ನಡುವಿನದು. ಅಂಗಡಿಯಲ್ಲಿ ಮೂರೂ ಬೇರೆ ಬೇರೆ ಕಂಡವು. ಮನೆಗೆ ತಂದು ರಾತ್ರಿ ನೋಡಿದರೆ ಮೂರೂ ಒಂದೇ. ಬೆಳಿಗ್ಗೆ ಮೊದಲನೆಯದು ನೀಲಿಯಾಗಿತ್ತು, ಸಂಜೆ ಎರಡನೆಯದು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಗೋಡೆಯ ಮೇಲೆ ಬಣ್ಣ ಗಾಢವಾಗುತ್ತದೆ, ಅರ್ಧಕ್ಕೆ ತೆಳುವಾಗಿಸಿ ಎನ್ನುತ್ತಾರೆ ಪೇಂಟರ್. ಬೂದು ಬಣ್ಣ ಬಿಸಿಲನ್ನು ಹೀರಿ ಕೋಣೆ ಕಾಯುತ್ತದೆ ಎಂಬುದು ಯಜಮಾನರ ಅಂಜಿಕೆ. ಸಿಮೆಂಟ್ ಗೋಡೆಯ ಹಾಗೆ ಕಂಡೀತು ಎಂದು ಅತ್ತೆಯವರು ಒಪ್ಪುತ್ತಿಲ್ಲ. ಚಿತ್ರದುರ್ಗದಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಮೊದಲನೆಯ ಬಣ್ಣವೇ ಇದೆ, ತುಂಬಾ ಹಿತವಾಗಿ ಕಾಣುತ್ತದೆ. ಅವಳ ಕೋಣೆಗೆ ಉತ್ತರದ ಕಿಟಕಿ, ನೆಲಕ್ಕೆ ಬಿಳಿ ಟೈಲ್ಸ್. ಅದೇ ನಂಬರಿನ ಬಣ್ಣ ತರಿಸಿದರೆ ಸಾಕೇ?

ಉತ್ತರ: ನಿಮ್ಮ ಕಣ್ಣಿನಲ್ಲಿ ದೋಷವಿಲ್ಲ. ಅಂಗಡಿಯಲ್ಲಿ ಬೇರೆ, ರಾತ್ರಿ ಒಂದೇ, ಬೆಳಿಗ್ಗೆ ನೀಲಿ, ಸಂಜೆ ಮಣ್ಣು ಎಂದು ನೀವು ಬರೆದಿರುವುದೆಲ್ಲ ನಿಜವಾಗಿಯೂ ನಡೆಯುವಂಥದ್ದೇ. ಮೂರು ಹೊತ್ತು ನೋಡಿದ್ದೀರಲ್ಲ, ಅರ್ಧ ಕೆಲಸ ಅಲ್ಲಿಗೇ ಮುಗಿದಿದೆ. ಹೆಚ್ಚಿನವರು ಅಂಗಡಿಯ ಮೇಜಿನ ಮೇಲೆ ಕಾರ್ಡನ್ನು ಮಲಗಿಸಿ ನೋಡಿ, ಅಲ್ಲಿಯೇ ಮುಂಗಡ ಕೊಟ್ಟು ಬರುತ್ತಾರೆ. ಗೋಡೆ ಒಣಗಿದ ಮೇಲೆ ‘ಇದು ನಾವು ಹೇಳಿದ ಬಣ್ಣವೇ ಅಲ್ಲ’ ಎಂದು ಪೇಂಟರ್ ಜೊತೆ ಜಗಳ ಹತ್ತುತ್ತದೆ. ಬಹಳಷ್ಟು ಸಲ ಡಬ್ಬದೊಳಗಿನ ಬಣ್ಣ ಸರಿಯಾಗಿಯೇ ಇರುತ್ತದೆ.

ಮೂರರ ನಡುವಿನ ವ್ಯತ್ಯಾಸ ನಿಜವೋ ಭ್ರಮೆಯೋ, ಹಣ ಖರ್ಚಾದ ಮೇಲೆ ಗೋಡೆ ಬೇರೆಯೇ ಬಣ್ಣಕ್ಕೆ ತಿರುಗಿದರೆ ಗತಿಯೇನು ಎಂಬುದು ನಿಮ್ಮ ಚಿಂತೆ. ವ್ಯತ್ಯಾಸ ನಿಜ. ಉಳಿದದ್ದಕ್ಕೆ ನನ್ನ ಮುಖ್ಯ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ: ಬಣ್ಣದ ಅಂಗಡಿಗೆ ಹೋಗುವ ಮುಂಚೆ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಬನ್ನಿ. ಆ ಕೋಣೆಯಲ್ಲಿ ರಾತ್ರಿ ಯಾವ ಬೆಳಕು ಇರಬೇಕೆಂದು ತೀರ್ಮಾನಿಸದೆ ಬೂದುಹಸಿರನ್ನು ಆರಿಸಲು ಆಗುವುದಿಲ್ಲ.

ಏಕೆಂದರೆ ಈ ಬಣ್ಣದ ಸ್ವಭಾವವೇ ಹಾಗಿದೆ. ಗಿಣಿಹಸಿರು ಗೋಡೆ ಯಾವ ದೀಪದಡಿಯಲ್ಲಿಯೂ ಹಸಿರೇ. ಅದು ಹಸಿರು ಬೆಳಕನ್ನು ಬಹಳವಾಗಿ ಹಿಂದಿರುಗಿಸುತ್ತದೆ, ಕೆಂಪು ಮತ್ತು ನೀಲಿಯನ್ನು ಹೀರಿಕೊಳ್ಳುತ್ತದೆ. ಬೂದುಹಸಿರಿನಲ್ಲಿ ಕೆಂಪು, ಹಸಿರು, ನೀಲಿ ಮೂರೂ ಹೆಚ್ಚುಕಡಿಮೆ ಸಮವಾಗಿ ಹಿಂದಿರುಗುತ್ತವೆ, ಹಸಿರಿನ ಪಾಲು ಒಂದು ಎಳೆ ಮಾತ್ರ ಹೆಚ್ಚು. ಬೀಳುವ ಬೆಳಕಿನಲ್ಲಿಯೇ ನೀಲಿ ಅಥವಾ ಹಳದಿಯ ಅಂಶ ಅದಕ್ಕಿಂತ ಜಾಸ್ತಿ ಇದ್ದರೆ ಆ ಒಂದು ಎಳೆ ಮುಚ್ಚಿಹೋಗುತ್ತದೆ. ಆಗ ನೀವು ಕಾಣುವುದು ಬಹುಮಟ್ಟಿಗೆ ಬೆಳಕಿನ ಬಣ್ಣವನ್ನು.

ಜೊತೆಗೆ, ನಿಮ್ಮ ಮೂರು ಬಣ್ಣಗಳು ಒಂದೇ ಸಾಮಗ್ರಿಯಿಂದ ಆದವುಗಳೂ ಇರಲಾರವು. ಅಂಗಡಿಯಲ್ಲಿ ಬಣ್ಣ ಬೆರೆಸುವ ಟಿಂಟಿಂಗ್ ಯಂತ್ರ, ಬೇಸ್ ಎಂಬ ಬಿಳಿ ಮೂಲಬಣ್ಣಕ್ಕೆ ಬಣ್ಣದ ದ್ರವಗಳನ್ನು ಅಳೆದು ಸುರಿಯುತ್ತದೆ. ಇಂಥ ತೆಳು ಬಣ್ಣಗಳಿಗೆ ಲೀಟರಿಗೆ ಕೆಲವೇ ಮಿಲಿಲೀಟರ್ ಸಾಕು. ಬೂದುಹಸಿರನ್ನು ಪಡೆಯಲು ಮುಖ್ಯವಾಗಿ ಎರಡು ದಾರಿಗಳಿವೆ. ಕಪ್ಪಿನ ಜೊತೆ ಥ್ಯಾಲೋ ಹಸಿರು ಎಂಬ ಗಾಢವಾದ ಕೃತಕ ಹಸಿರನ್ನು ಹಾಕುವುದು ಒಂದು. ಥ್ಯಾಲೋ ಹಸಿರಿನಲ್ಲಿ ನೀಲಿಯ ಒಲವು ಇರುವುದರಿಂದ ಬರುವ ಬಣ್ಣ ತಣ್ಣಗಿರುತ್ತದೆ. ಕಪ್ಪಿನ ಜೊತೆ ಹಳದಿ ಆಕ್ಸೈಡನ್ನು ಬೆರೆಸುವುದು ಇನ್ನೊಂದು. ಕಪ್ಪು ಮತ್ತು ಹಳದಿ ಸೇರಿದರೆ ಆಲಿವ್ ಕಡೆಗೆ ವಾಲುವ ಹಸಿರು ಬರುತ್ತದೆ. ಅದರಲ್ಲಿ ಹಸಿರು ದ್ರವದ ಒಂದು ಹನಿಯೂ ಇಲ್ಲದಿರಬಹುದು. ನಿಮ್ಮ ಮೊದಲನೆಯದು ಬೆಳಿಗ್ಗೆ ನೀಲಿಯಾಯಿತು, ಎರಡನೆಯದು ಸಂಜೆ ಮಣ್ಣಾಯಿತು ಎಂದರೆ ಮೊದಲನೆಯದು ಥ್ಯಾಲೋ ಬಳಗದ್ದು, ಎರಡನೆಯದು ಆಕ್ಸೈಡ್ ಬಳಗದ್ದು ಎಂದು ಊಹಿಸುತ್ತೇನೆ. ಖಚಿತಪಡಿಸಿಕೊಳ್ಳುವುದು ಸುಲಭ. ಟಿಂಟಿಂಗ್ ಯಂತ್ರದ ಪರದೆಯಲ್ಲಿ ಪ್ರತಿ ನಂಬರಿಗೂ ಯಾವ ದ್ರವ ಎಷ್ಟು ಎಂಬ ವಿವರ ಇರುತ್ತದೆ. ಓದಿ ಹೇಳಿ ಎಂದು ಕೇಳಿ. ಬಹಳಷ್ಟು ಅಂಗಡಿಯವರು ಸಂತೋಷದಿಂದ ಹೇಳುತ್ತಾರೆ.

ಇದೇ ಕಾರಣಕ್ಕೆ ಒಂದು ದೀಪದಡಿ ಒಂದೇ ಥರ ಕಾಣುವ ಎರಡು ಬಣ್ಣಗಳು ಇನ್ನೊಂದು ದೀಪದಡಿ ಬೇರೆಯಾಗಿಬಿಡುತ್ತವೆ. ಒಂದು ಕಂಪನಿಯ ಬಣ್ಣವನ್ನು ಕೊಟ್ಟು ‘ಇದಕ್ಕೆ ಹೊಂದುವುದನ್ನು ಮಾಡಿಕೊಡಿ’ ಎಂದು ಇನ್ನೊಂದು ಕಂಪನಿಯ ಅಂಗಡಿಯಲ್ಲಿ ಕೇಳಬೇಡಿ. ಹಗಲು ಹೊಂದಿದ್ದು ರಾತ್ರಿ ಹೊಂದದೆ ಹೋಗುವ ಸಾಧ್ಯತೆ ಬೂದು ಬಣ್ಣಗಳಲ್ಲಿಯೇ ಹೆಚ್ಚು.

ಈಗ ತಂಗಿಯ ಮನೆಯ ವಿಚಾರ. ಅದೇ ನಂಬರು ಕೊಟ್ಟರೆ ಅದೇ ಬಣ್ಣ ಸಿಗುತ್ತದೆ, ಅದೇ ನೋಟ ಸಿಗುವುದಿಲ್ಲ. ಉತ್ತರದ ಕಿಟಕಿಗೆ ವರ್ಷದ ಬಹುಪಾಲು ನೇರ ಬಿಸಿಲು ಬರುವುದಿಲ್ಲ. ಆಕಾಶದಿಂದ ಚದುರಿದ, ತುಸು ನೀಲಿಯಾದ, ದಿನವಿಡೀ ಹೆಚ್ಚು ಬದಲಾಗದ ಬೆಳಕು ಬರುತ್ತದೆ. ಬಿಳಿ ನೆಲ ಅದನ್ನು ಹಾಗೆಯೇ ಗೋಡೆಗೆ ದಾಟಿಸುತ್ತದೆ. ನಿಮ್ಮ ಕೋಣೆಯ ದಿನಚರಿ ಬೇರೆ. ಮಧ್ಯಾಹ್ನದವರೆಗೆ ಪಶ್ಚಿಮದ ಕಿಟಕಿಯಿಂದ ಅಂಥದೇ ತಣ್ಣನೆಯ ಬೆಳಕು. ಮೂರು ಗಂಟೆಯ ನಂತರ ನೇರ ಬಿಸಿಲು ಒಳನುಗ್ಗುತ್ತದೆ, ಹೊತ್ತು ಇಳಿದಂತೆ ಹಳದಿಯಾಗಿ ಕಿತ್ತಳೆಯಾಗುತ್ತದೆ. ಆ ಬಿಸಿಲು ಮೊದಲು ಬೀಳುವುದು ಕೆಂಪು ನೆಲದ ಮೇಲೆ. ನೆಲದಿಂದ ಪುಟಿದ ಕೆಂಪು ಬೆಳಕು ಗೋಡೆಯ ಕೆಳಭಾಗಕ್ಕೆ ಹತ್ತುತ್ತದೆ. ಎರಡನೆಯ ಕಾರ್ಡು ಸಂಜೆ ಮಣ್ಣಾಗಿ ಕಂಡದ್ದು ಇದರಿಂದಲೇ. ಮೊದಲೇ ಹಳದಿಯ ಒಲವಿದ್ದ ಬಣ್ಣಕ್ಕೆ ಹಳದಿ ಬಿಸಿಲು, ಕೆಂಪು ನೆಲ ಎರಡೂ ಸೇರಿಕೊಂಡವು.

ಆದರೆ ಕೆಂಪು ನೆಲ ನಿಮ್ಮ ಶತ್ರುವೇನಲ್ಲ. ಅದನ್ನು ಉಳಿಸಿಕೊಳ್ಳುತ್ತಿದ್ದೀರಿ ಎಂದು ಓದಿ ನನಗೆ ನಿಜಕ್ಕೂ ಸಂತೋಷವಾಯಿತು. ಉಜ್ಜಿ ಉಜ್ಜಿ ನುಣುಪಾದ ಹಳೆಯ ರೆಡ್ ಆಕ್ಸೈಡ್ ನೆಲವನ್ನು ಒಮ್ಮೆ ಒಡೆದರೆ ಅದೇ ಮೆರುಗನ್ನು ಮತ್ತೆ ತರುವ ಕೆಲಸಗಾರರನ್ನು ಹುಡುಕುವುದು ಕಷ್ಟ. ನೇರ ಬಿಸಿಲಿಲ್ಲದ ಹೊತ್ತಿನಲ್ಲಿ ಆ ನೆಲ ಗೋಡೆಗೆ ಉಪಕಾರವನ್ನೇ ಮಾಡುತ್ತದೆ. ಕೆಂಪಿನ ಪಕ್ಕದಲ್ಲಿರುವ ಬೂದು ನಮ್ಮ ಕಣ್ಣಿಗೆ ಹಸಿರಾಗಿ ಕಾಣುತ್ತದೆ. ಫ್ರಾನ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ 1824ರಿಂದ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥರಾಗಿದ್ದ ರಸಾಯನ ವಿಜ್ಞಾನಿ ಶೆವ್ರೂಲ್ ಅವರ ಬಳಿಗೆ, ನೂಲಿನ ಕಪ್ಪು ಸಾಲದು ಎಂಬ ದೂರು ಬರುತ್ತಿತ್ತು. ಪರೀಕ್ಷಿಸಿದಾಗ ಕಪ್ಪು ಸರಿಯಾಗಿಯೇ ಇತ್ತು, ಪಕ್ಕದಲ್ಲಿ ನೇಯ್ದ ಬಣ್ಣಗಳು ಅದನ್ನು ಸೊರಗಿಸಿದ್ದವು. ನಿಮ್ಮ ಗೋಡೆಗೂ ನೆಲಕ್ಕೂ ನಡುವೆ ನಡೆಯುವುದು ಇದೇ ವ್ಯವಹಾರ. ಆದ್ದರಿಂದ ಕೆಂಪು ನೆಲವಿರುವ ಕೋಣೆಯಲ್ಲಿ ಹಸಿರು ಕಡಿಮೆ ಇರುವ ಬೂದನ್ನು ಆರಿಸಿದರೂ ಸಾಕಷ್ಟು ಹಸಿರು ಕಾಣುತ್ತದೆ. ಹಸಿರು ಜಾಸ್ತಿ ಇರುವುದನ್ನು ಆರಿಸಿದರೆ ಅತಿಯಾಗುವ ಅಪಾಯವಿದೆ. ತೇಗದ ಮಂಚ, ಬೀರುಗಳೂ ಇದೇ ದಿಕ್ಕಿಗೆ ತಳ್ಳುತ್ತವೆ.

ದೀಪದ ಮಾತಿಗೆ ಬರುತ್ತೇನೆ. ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚಾಗಿ ಇರುವುದು 6500 ಕೆಲ್ವಿನ್‌ನ ಕೂಲ್ ಡೇಲೈಟ್ ಎಲ್‌ಇಡಿ. ಬೆಳ್ಳಗಿದ್ದಷ್ಟೂ ಬೆಳಕು ಜಾಸ್ತಿ ಎಂಬ ನಂಬಿಕೆ ಅದಕ್ಕೆ ಕಾರಣ. ಬೆಳಕಿನ ಪ್ರಮಾಣವನ್ನು ಹೇಳುವುದು ಲುಮೆನ್. ಕೆಲ್ವಿನ್ ಹೇಳುವುದು ಬೆಳಕಿನ ಬಣ್ಣವನ್ನು ಮಾತ್ರ. 6500ರಲ್ಲಿ ನೀಲಿ ಅಂಶ ಹೆಚ್ಚು. ಅಗ್ಗದ ಎಲ್‌ಇಡಿಗಳಲ್ಲಿ ಗಾಢ ಕೆಂಪಿನ ಅಂಶ ಬಹಳ ಕಡಿಮೆ ಇರುತ್ತದೆ. ಹಾಗಾಗಿ ತೇಗ ಸಪ್ಪೆಯಾಗುತ್ತದೆ, ಮುಖಗಳು ಬಿಳಿಚಿಕೊಳ್ಳುತ್ತವೆ, ಬೂದುಹಸಿರು ಬಣ್ಣಗಳ ನಡುವಿನ ಸೂಕ್ಷ್ಮ ಭೇದ ಅಳಿಸಿಹೋಗುತ್ತದೆ. ರಾತ್ರಿ ನಿಮಗೆ ಮೂರೂ ಒಂದೇ ಆಗಿ ಕಂಡದ್ದಕ್ಕೂ, ಅತ್ತೆಯವರಿಗೆ ಸಿಮೆಂಟ್ ನೆನಪಾದದ್ದಕ್ಕೂ ಇದೇ ಕಾರಣವಿರಬೇಕು. ಅವರ ಮಾತನ್ನು ತಳ್ಳಿಹಾಕಬೇಡಿ, ಅವರು ಕಂಡದ್ದನ್ನೇ ಹೇಳಿದ್ದಾರೆ.

ಡಬ್ಬಿಯ ಮೇಲೆ 4000 ಕೆಲ್ವಿನ್ ಅಥವಾ ನ್ಯಾಚುರಲ್ ವೈಟ್ ಎಂದು ಬರೆದಿರುವ ದೀಪವನ್ನು ಕೊಳ್ಳಿ. ಅದರಲ್ಲಿ ಸಿಆರ್‌ಐ ಎಂಬ ಅಂಕಿ ಇರುತ್ತದೆ. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ ಅದು, ಪೂರ್ಣಾಂಕ 100. ಸಾಮಾನ್ಯವಾಗಿ 80 ಇರುತ್ತದೆ, 90 ಅಥವಾ ಅದಕ್ಕಿಂತ ಹೆಚ್ಚಿನದು ಸಿಕ್ಕರೆ ಸ್ವಲ್ಪ ಜಾಸ್ತಿ ಹಣ ಕೊಟ್ಟರೂ ನಷ್ಟವಿಲ್ಲ. 3000 ಕೆಲ್ವಿನ್‌ನ ಹಳದಿ ದೀಪ ಮಲಗುವ ಕೋಣೆಗೆ ಹಿತವೇ. ಆದರೆ ನಿಮ್ಮ ಎರಡನೆಯ ಬಣ್ಣದ ಮೇಲೆ ಅದು ರಾತ್ರಿಯೂ ಸಂಜೆಯ ಮಣ್ಣನ್ನೇ ಮುಂದುವರಿಸುತ್ತದೆ.

ಪೇಂಟರ್ ಹೇಳಿದ ಮಾತಿನಲ್ಲಿ ಅನುಭವವಿದೆ. ಚಿಕ್ಕ ಕಾರ್ಡಿನಲ್ಲಿ ಮೃದುವಾಗಿ ಕಂಡದ್ದು ನಾಲ್ಕು ಗೋಡೆಗೆ ಹರಡಿದಾಗ ಬೆಳಕು ಗೋಡೆಯಿಂದ ಗೋಡೆಗೆ ಪುಟಿದು ಪ್ರತಿ ಸಲವೂ ಅದೇ ಬಣ್ಣವನ್ನು ಹೊತ್ತುಕೊಳ್ಳುತ್ತದೆ, ಮೂಲೆಗಳಲ್ಲಂತೂ ಎದ್ದು ಕಾಣುತ್ತದೆ. ಆದರೆ ಅದಕ್ಕೆ ಅವರು ಸೂಚಿಸುವ ಮದ್ದು ಬೂದುಹಸಿರಿಗೆ ಒಗ್ಗುವುದಿಲ್ಲ. ದ್ರವದ ಪ್ರಮಾಣ ಅರ್ಧವಾದಾಗ ಕೆಲವು ಹನಿಗಳ ಲೆಕ್ಕ ಏರುಪೇರಾಗುತ್ತದೆ, ಒಲವು ಬದಲಾಗಬಹುದು. ಕಪ್ಪು ಕಡಿಮೆಯಾಗಿ ಬೂದಿನ ತೂಕ ಹೋದರೆ ಉಳಿಯುವುದು ಆಸ್ಪತ್ರೆಯ ಗೋಡೆಯಂಥ ತಿಳಿಹಸಿರು. ತೆಳು ಬೇಕಿದ್ದರೆ ಕಂಪನಿಯ ಕಾರ್ಡಿನಲ್ಲಿ ತನ್ನದೇ ನಂಬರು ಹೊಂದಿರುವ ತೆಳು ಬಣ್ಣವನ್ನು ಆರಿಸಿ. ಕೆಲವು ಕಂಪನಿಗಳು ಪ್ರತಿ ಬಣ್ಣಕ್ಕೂ ಎಲ್‌ಆರ್‌ವಿ ಎಂಬ ಅಂಕಿ ಕೊಡುತ್ತವೆ, ಬಿದ್ದ ಬೆಳಕಿನಲ್ಲಿ ಶೇಕಡಾ ಎಷ್ಟನ್ನು ಗೋಡೆ ಹಿಂದಿರುಗಿಸುತ್ತದೆ ಎಂಬ ಸೂಚನೆ ಅದು. ಒಂದೇ ಕಿಟಕಿಯ ನಿಮ್ಮ ಕೋಣೆಗೆ 50ರಿಂದ 60ರ ನಡುವಿನದು ಕ್ಷೇಮ. 40ಕ್ಕಿಂತ ಕೆಳಗೆ ಇಳಿದರೆ ಹಗಲಿನಲ್ಲಿಯೂ ದೀಪ ಹಾಕಬೇಕಾದೀತು.

ಯಜಮಾನರ ಅಂಜಿಕೆಗೆ ಉತ್ತರ ಚಿಕ್ಕದು. ಕೋಣೆ ಕಾಯುವುದು ತಾರಸಿಯಿಂದ, ಬಿಸಿಲು ತಿನ್ನುವ ಪಶ್ಚಿಮದ ಹೊರಗೋಡೆಯಿಂದ ಮತ್ತು ಕಿಟಕಿಯಿಂದ. ಒಳಗೋಡೆಯ ಬಣ್ಣದ ಪಾತ್ರ ಅದರಲ್ಲಿ ತೀರಾ ಅಲ್ಪ. ತಾರಸಿಗೆ ಬಿಳಿ ಪ್ರತಿಫಲಕ ಲೇಪನ, ಕಿಟಕಿಗೆ ಹೊರಗಿನಿಂದ ನೆರಳು ಮಾಡಿದರೆ ಏಪ್ರಿಲ್ ತಿಂಗಳಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಇನ್ನು ಪರೀಕ್ಷೆ. ಗೋಡೆಯ ಮೇಲೆ ನೇರವಾಗಿ ಮೂರು ಪಟ್ಟಿ ಬಳಿಸಬೇಡಿ. ಹಳೆಯ ಬಣ್ಣ ಸುತ್ತಲೂ ಇದ್ದು ಕಣ್ಣನ್ನು ಮೋಸಗೊಳಿಸುತ್ತದೆ. ಎರಡು ಅಡಿ ಚೌಕದ ಹಾರ್ಡ್‌ಬೋರ್ಡ್ ಅಥವಾ ಪ್ಲೈವುಡ್ ತುಂಡುಗಳಿಗೆ ಪ್ರೈಮರ್ ಹೊಡೆಸಿ, ಅಂಚಿನಲ್ಲಿ ಎರಡು ಇಂಚು ಬಿಳಿ ಬಿಟ್ಟು, ಎರಡು ಕೋಟ್ ಬಣ್ಣ ಹೊಡೆಸಿ. ನಿಮ್ಮ ಗೋಡೆಗೆ ಬರುವ ಎಮಲ್ಷನ್ನೇ ಆಗಿರಲಿ. ಎಮಲ್ಷನ್ ಹಸಿಯಾಗಿದ್ದಾಗ ತೆಳುವಾಗಿ ಕಾಣುತ್ತದೆ, ಒಣಗಿದಂತೆ ಗಾಢವಾಗುತ್ತದೆ. ಆದ್ದರಿಂದ ಒಂದು ಪೂರ್ತಿ ದಿನ ಬಿಟ್ಟು ನೋಡಿ. ಚಿಕ್ಕ ಸ್ಯಾಂಪಲ್ ಡಬ್ಬದಲ್ಲಿ ಒಂದು ಹನಿ ಹೆಚ್ಚಾದರೂ ಪರಿಣಾಮ ದೊಡ್ಡದು, ಹಾಗಾಗಿ ಸ್ಯಾಂಪಲ್ಲಿಗೂ ದೊಡ್ಡ ಡಬ್ಬಕ್ಕೂ ಕೂದಲೆಳೆಯ ಅಂತರವಿರಬಹುದು. ಸಾಧ್ಯವಾದರೆ ಒಂದು ಲೀಟರ್ ಡಬ್ಬವನ್ನೇ ಮಾಡಿಸಿಕೊಳ್ಳಿ.

ಹಲಗೆಗಳನ್ನು ನೆಟ್ಟಗೆ ನಿಲ್ಲಿಸಿ. ಒಂದು ಹೊತ್ತು ಬೀರುವಿನ ಪಕ್ಕ, ಇನ್ನೊಂದು ಹೊತ್ತು ಕಿಟಕಿಯ ಎದುರಿನ ಗೋಡೆಗೆ, ಮತ್ತೊಂದು ಹೊತ್ತು ಕಿಟಕಿ ಇರುವ ಗೋಡೆಗೇ ಒರಗಿಸಿ. ಕಿಟಕಿ ಇರುವ ಗೋಡೆ ಎಲ್ಲಕ್ಕಿಂತ ಮಂಕು, ಅದನ್ನು ಜನ ಮರೆಯುತ್ತಾರೆ. ನೆಲಕ್ಕೆ ತಾಗಿಸಿಯೂ ನೋಡಿ, ಎದೆಯ ಎತ್ತರದಲ್ಲಿಯೂ ನೋಡಿ. ಮುಂಜಾನೆ, ಮಧ್ಯಾಹ್ನ, ಐದು ಗಂಟೆ, ಹೊಸ ದೀಪ ಹಾಕಿದ ರಾತ್ರಿ, ಇವಿಷ್ಟು ಸಾಕು. ಮುಸ್ಸಂಜೆಯಲ್ಲಿ ದೀಪ ಹಾಕುವ ಮುಂಚಿನ ಹೊತ್ತಿಗೆ ನೋಡಿ ನಿರ್ಧರಿಸಬೇಡಿ. ಬೆಳಕು ತೀರಾ ಕುಂದಿದಾಗ ನಮ್ಮ ಕಣ್ಣಿಗೆ ಕೆಂಪು ಕಪ್ಪಾಗುತ್ತದೆ, ನೀಲಿ-ಹಸಿರು ಹೊಳೆಯುತ್ತದೆ. ಆಗ ನೆಲ ಕರಿ, ಗೋಡೆ ಬೆಳ್ಳಗೆ ಕಾಣುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದು ತಂಗಿಗೆ ಕಳುಹಿಸಿ ಅಭಿಪ್ರಾಯ ಕೇಳುವುದೂ ಬೇಡ. ಕ್ಯಾಮೆರಾ ತನ್ನಷ್ಟಕ್ಕೆ ಬೆಳಕಿನ ಬಣ್ಣವನ್ನು ತಿದ್ದುತ್ತದೆ. ಆ ತಿದ್ದುಪಡಿಗೆ ಮೊದಲು ಬಲಿಯಾಗುವುದು ಇಂಥ ಬಣ್ಣಗಳೇ.

ಹೊಳಪಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಚಿತ್ರದುರ್ಗದ ಸುತ್ತಲಿನ ಶಿಲಾಪಟ್ಟಿಯಲ್ಲಿ ಕ್ಲೋರೈಟ್ ಎಂಬ ಖನಿಜದಿಂದ ಹಸಿರಾದ ಬೂದು ಕಲ್ಲುಗಳಿವೆ. ಐಮಂಗಲದ ಬಳಿಯ ಮರಡಿಹಳ್ಳಿಯ ದಿಂಬುಗಲ್ಲುಗಳು, ಅಂದರೆ ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾ ಕಲ್ಲುಗಳು, ಈ ಪಟ್ಟಿಯವೇ. ಇಂಥ ಕಲ್ಲು ಒಣಗಿದ್ದಾಗ ಬರೀ ಬೂದು, ಮಳೆಯಲ್ಲಿ ನೆನೆದರೆ ಹಸಿರು ಎದ್ದು ಬರುತ್ತದೆ. ಮ್ಯಾಟ್ ಎಮಲ್ಷನ್ ಒಣ ಕಲ್ಲಿನ ಹಾಗೆ, ಹೊಳಪಿನ ಎಮಲ್ಷನ್ ನೆನೆದ ಕಲ್ಲಿನ ಹಾಗೆ. ಅಂದರೆ ಒಂದೇ ನಂಬರು ಹೊಳಪಿನಲ್ಲಿ ಗಾಢವಾಗಿ, ಹೆಚ್ಚು ಹಸಿರಾಗಿ ಕಾಣುತ್ತದೆ. ಮೇಲಾಗಿ ಪಶ್ಚಿಮದ ಬಿಸಿಲು ಹಳೆಯ ಗೋಡೆಯ ಮೇಲೆ ಓರೆಯಾಗಿ ಹರಿದಾಗ ಪುಟ್ಟಿಯ ಪ್ರತಿ ಉಬ್ಬುತಗ್ಗನ್ನೂ ಹೊಳಪು ಎತ್ತಿ ತೋರಿಸುತ್ತದೆ. ನಿಮಗೆ ಮ್ಯಾಟ್ ಸರಿ. ಅದರ ತೊಂದರೆಯೆಂದರೆ ಮಂಚದ ತಲೆಯ ಬಳಿ ಎಣ್ಣೆಯ ಕಲೆ ಹಿಡಿದರೆ ಉಜ್ಜಿ ತೊಳೆಯುವುದು ಕಷ್ಟ. ತೊಳೆಯಲು ಬರುವ ಮ್ಯಾಟ್ ಎಂದು ಬರೆದಿರುವುದನ್ನೇ ಕೇಳಿ ಪಡೆಯಿರಿ.

ಹಾಗಾದರೆ ಮೂರರಲ್ಲಿ ಯಾವುದು? ನೀವು ಟ್ಯೂಬ್‌ಲೈಟ್ ಬದಲಿಸಲು ಸಿದ್ಧರಿದ್ದರೆ ಮೊದಲನೆಯದು. ಸಂಜೆಯ ಬಿಸಿಲು ಅದರ ತಣ್ಣನೆಯ ಗುಣವನ್ನು ಹದಕ್ಕೆ ತರುತ್ತದೆ, ಕೆಂಪು ನೆಲ ಅದರೊಳಗಿನ ಹಸಿರನ್ನು ಎತ್ತಿ ಕೊಡುತ್ತದೆ, 4000 ಕೆಲ್ವಿನ್ ದೀಪದಡಿ ಸಿಮೆಂಟಿನ ಭಾವನೆ ಬರುವುದಿಲ್ಲ. ಮೋಡ ಮುಚ್ಚಿದ ಆಷಾಢದ ಬೆಳಗುಗಳಲ್ಲಿ ತುಸು ನೀಲಿಯಾಗಿ ಕಂಡೇ ಕಾಣುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಬಿಳಿ ಟ್ಯೂಬ್‌ಲೈಟೇ ಇರಲಿ ಎಂದು ಮನೆಯಲ್ಲಿ ಹಟವಿದ್ದರೆ ಮೂರನೆಯದು. ಅದು ಯಾವ ಹೊತ್ತಿನಲ್ಲಿಯೂ ಬಹಳ ಸುಂದರವಾಗಿ ಕಾಣಲಾರದು, ಯಾವ ಹೊತ್ತಿನಲ್ಲಿಯೂ ಕೆಡುವುದಿಲ್ಲ. ಎರಡನೆಯ ಬಣ್ಣ ನಿಮಗೆ ಅಷ್ಟು ಪ್ರೀತಿಯಾಗಿದ್ದರೆ ನೇರ ಬಿಸಿಲು ತಾಗದ ಕಿಟಕಿಯ ಗೋಡೆಗಷ್ಟೇ ಹಾಕಿಸಬಹುದು. ಆದರೆ ನಿಮ್ಮದು ಚಿಕ್ಕ ಕೋಣೆ, ಮೂಲೆಯಲ್ಲಿ ಎರಡು ಬೂದುಹಸಿರು ಕೂಡಿದಾಗ ಒಂದು ಕೊಳೆಯಾದಂತೆ ಕಾಣುವ ಭಯವಿದೆ. ನಾನಾಗಿದ್ದರೆ ಮಾಡಿಸುವುದಿಲ್ಲ. ಹಲಗೆಗಳನ್ನು ಅತ್ತೆಯವರಿಗೂ ತೋರಿಸಿ, ರಾತ್ರಿ ಹೊಸ ದೀಪದಡಿಯಲ್ಲಿ. ಆಗಲೂ ಅವರಿಗೆ ಸಿಮೆಂಟೇ ಕಂಡರೆ ಮೂರನೆಯದಕ್ಕೆ ಹೋಗಿ. ದಿನವೂ ನೋಡಬೇಕಾದ ಗೋಡೆ ಮನೆಯಲ್ಲಿ ಒಬ್ಬರಿಗೆ ಸಂಕಟವಾಗಬಾರದು.

ಚಾವಣಿಗೆ ಬಿಳಿಯನ್ನೇ ಹೊಡೆಸಿ, ಆದರೆ ನೀಲಿ ಬೆರೆಸದ ಬಿಳಿ. ಸುಣ್ಣಕ್ಕೆ ನೀಲಿ ಹಾಕುತ್ತಿದ್ದ ಕಾಲದ ರೂಢಿಯಿಂದ ಕೆಲವು ಪೇಂಟರುಗಳು ಇಂದಿಗೂ ಬಿಳಿ ಎಮಲ್ಷನ್ನಿಗೆ ನೀಲಿ ಸ್ಟೇನರ್ ಬೆರೆಸುತ್ತಾರೆ. ಆ ನೀಲಿಬಿಳಿಯ ಪಕ್ಕದಲ್ಲಿ ಬೂದುಹಸಿರು ಹಳಸಿದಂತೆ ಕಾಣುತ್ತದೆ. ಮೊದಲೇ ಹೇಳಿಡಿ.

ಹಳೆಯ ಮನೆಯಾದ್ದರಿಂದ ಗೋಡೆಯಲ್ಲಿ ಡಿಸ್ಟೆಂಪರಿನ ಪದರಗಳಿರಬಹುದು. ಕೈಯಿಂದ ಉಜ್ಜಿದರೆ ಪುಡಿ ಅಂಟಿದರೆ ಅದನ್ನು ಪೂರ್ತಿ ಕೆರೆದು ಪ್ರೈಮರ್ ಹೊಡೆಸಬೇಕು, ಇಲ್ಲವಾದರೆ ಎಮಲ್ಷನ್ ಸಿಪ್ಪೆ ಏಳುತ್ತದೆ. ಮಳೆಗಾಲದ ತೇವ ಗೋಡೆಯಲ್ಲಿ ಉಳಿದಿದ್ದರೆ ಆರುವವರೆಗೆ ಕಾಯಿರಿ. ದೀಪಾವಳಿಯ ಗಡುವಿಗಾಗಿ ಹಸಿ ಗೋಡೆಗೆ ಬಣ್ಣ ಹೊಡೆಸಬೇಡಿ. ಕಿಟಕಿ ಬಾಗಿಲುಗಳ ಹಳೆಯ ಎನಾಮಲ್ ಬಣ್ಣದಲ್ಲಿ ಸೀಸವಿರುವ ಸಂಭವವಿದೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಒಣಗಿದ್ದನ್ನು ಹಾಗೆಯೇ ಉಜ್ಜಿಸದೆ ನೀರು ಹಚ್ಚಿ ಉಜ್ಜಿಸಿ, ಆ ದಿನಗಳಲ್ಲಿ ಮಕ್ಕಳು ಕೋಣೆಗೆ ಬರದಿರಲಿ.

ಕೊನೆಯದಾಗಿ, ಕೋಣೆಗೆ ಬೇಕಾದ ಅಷ್ಟೂ ಬಣ್ಣವನ್ನು ಒಂದೇ ದಿನ, ಒಂದೇ ಅಂಗಡಿಯಲ್ಲಿ ಮಾಡಿಸಿ. ಎರಡು ಮೂರು ಡಬ್ಬಗಳಾದರೆ ಎಲ್ಲವನ್ನೂ ಒಂದು ದೊಡ್ಡ ಬಕೆಟ್ಟಿಗೆ ಸುರಿದು ಕಲಸಿ, ಆಮೇಲೆ ರೋಲರ್ ಹಚ್ಚಲು ಪೇಂಟರಿಗೆ ಹೇಳಿ. ಡಬ್ಬದ ಮೇಲಿನ ಚೀಟಿಯಲ್ಲಿ ಬಣ್ಣದ ನಂಬರು, ಬೇಸ್, ಬ್ಯಾಚ್ ನಂಬರು ಇರುತ್ತವೆ. ಅದರ ಫೋಟೊ ತೆಗೆದಿಟ್ಟುಕೊಳ್ಳಿ, ಉಳಿದ ಬಣ್ಣವನ್ನು ಬಿಗಿಯಾಗಿ ಮುಚ್ಚಿ ನೆರಳಿನಲ್ಲಿಡಿ. ಮುಂದೆ ಬೀರು ಸರಿಸುವಾಗ ಗೋಡೆಗೆ ಗೀರು ಬಿದ್ದರೆ ತೇಪೆಗೆ ಹೊಂದುವುದು ಆ ಡಬ್ಬದ ಬಣ್ಣವೇ.